ಮೊದಲು ಮೇಷ್ಟ್ರು, ಆಮೇಲೆ ಮಷೀನು

ಇವತ್ತು ರಾಜಕೀಯ ಇಲ್ಲ, ರೆಸಾರ್ಟ್ ಇಲ್ಲ, ಕುರ್ಚಿ ಕಿತ್ತಾಟ ಇಲ್ಲ. ಇವತ್ತಿನ ವಿಷಯ ವೆಲ್ಡಿಂಗ್. ದಯವಿಟ್ಟು ರಿಮೋಟ್ ಕಡೆ ಕೈ ಹಾಕಬೇಡಿ. ನಾಳೆ ನಿಮ್ಮ ಮಗನೋ ಮಗಳೋ ಓದುವ ಹೈಸ್ಕೂಲಿಗೆ ಒಂದು ವೆಲ್ಡಿಂಗ್ ಮಷೀನ್ ಬಂದರೆ, ಅದರ ಪಕ್ಕದಲ್ಲಿ ನಿಲ್ಲೋರು ಯಾರು? ಪ್ರಶ್ನೆ ಇಷ್ಟೇ.

ಮಕ್ಕಳಿಗೆ ಬರೀ ಪುಸ್ತಕ ಓದಿಸಬೇಡಿ, ಕೈಕೆಲಸ ಕಲಿಸಿ ಅಂತ ಎಲ್ಲರೂ ಹೇಳ್ತಾರೆ. 2025ರ ಹೊತ್ತಿಗೆ ಕನಿಷ್ಠ ಶೇಕಡಾ 50ರಷ್ಟು ವಿದ್ಯಾರ್ಥಿಗಳಿಗೆ ವೃತ್ತಿ ಶಿಕ್ಷಣದ ಪರಿಚಯ ಆಗಬೇಕು ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಗುರಿ ಹಾಕಿಕೊಂಡಿತ್ತು. 2023ರ ಶಾಲಾ ಪಠ್ಯಕ್ರಮ ಚೌಕಟ್ಟು ಕೂಡ ಯಂತ್ರ ಮತ್ತು ವಸ್ತುಗಳ ಜೊತೆ ಮಾಡುವ ಕೆಲಸವನ್ನೇ ಒಂದು ವಿಭಾಗವಾಗಿ ಇಟ್ಟಿದೆ. ಕರ್ನಾಟಕ ಆ ನೀತಿ ಬೇಡ ಅಂತ 2023ರಲ್ಲಿ ತನ್ನದೇ ಆಯೋಗ ಮಾಡಿಕೊಂಡಿತು. ಆ ಜಗಳ ಇನ್ನೊಂದು ದಿನಕ್ಕಿರಲಿ. ನೀತಿ ದೆಹಲಿದಾಗಲಿ ಬೆಂಗಳೂರಿನದಾಗಲಿ, ಕೊನೆಗೆ ರಾಡ್ ಹಿಡಿದು ಮಕ್ಕಳ ಮುಂದೆ ನಿಲ್ಲಬೇಕಾದವರು ಒಬ್ಬ ಮೇಷ್ಟ್ರು ಅಥವಾ ಮೇಡಂ. ಅವರನ್ನ ತಯಾರು ಮಾಡೋದು ಹೇಗೆ ಅನ್ನೋ ಮಾತು ನಮ್ಮ ಚರ್ಚೆಗಳಲ್ಲಿ ಬರೋದೇ ಇಲ್ಲ.

ನನ್ನ ಅನುಭವದಿಂದಲೇ ಶುರು ಮಾಡ್ತೀನಿ. ನಾನು ಎಂಜಿನಿಯರಿಂಗ್ ಪದವೀಧರ. ಮೊದಲ ವರ್ಷ ವರ್ಕ್‌ಶಾಪ್‌ನಲ್ಲಿ ವೆಲ್ಡಿಂಗ್ ಇತ್ತು. ಮೂವತ್ತು ಹುಡುಗರು, ಮೂರು ಮುಖಗವಸು. ಮೇಲ್ವಿಚಾರಣೆಗಿದ್ದ ಲೆಕ್ಚರರ್ ಬೋರ್ಡಿನ ಮೇಲೆ ಚಿತ್ರ ಬರೆದು, ಹಾಜರಿ ತಗೊಂಡು ಹೊರಟೇಬಿಟ್ಟರು. ಪಾಪ, ಅವರಿಗೂ ರಾಡ್ ಹಿಡಿದು ಗೊತ್ತಿರಲಿಲ್ಲ ಅಂತ ಆಮೇಲೆ ತಿಳೀತು. ಗೆಳೆಯ ವೆಲ್ಡ್ ಮಾಡ್ತಿದ್ದ, ನಾವು ಸುತ್ತ ನಿಂತು ಕಣ್ಣು ಕಿರಿದು ಮಾಡಿ ನೋಡ್ತಿದ್ವಿ. ಆಗ ಏನೂ ಆಗಲಿಲ್ಲ. ರಾತ್ರಿ ಹನ್ನೊಂದಕ್ಕೆ ಹಾಸ್ಟೆಲ್‌ನಲ್ಲಿ ಶುರುವಾಯ್ತು ನೋಡಿ! ಕಣ್ಣಿಗೆ ಯಾರೋ ಮುಷ್ಟಿ ಮರಳು ಹಾಕಿ ಉಜ್ಜಿದ ಹಾಗೆ. ಬೆಳಗಿನವರೆಗೂ ನಿದ್ದೆ ಇಲ್ಲ, ನೀರು ಸುರೀತಾ ಇತ್ತು. ಒಂದೇ ರೂಮಿನ ನಾಲ್ವರದ್ದೂ ಅದೇ ಪಾಡು.

ಅದಾದ ಮೇಲೆ ನನಗೆ ನಿಜವಾಗಿ ವೆಲ್ಡಿಂಗ್ ಹೇಳಿಕೊಟ್ಟವರು ಅದೇ ಲ್ಯಾಬಿನ ಮೆಕ್ಯಾನಿಕ್. ನನ್ನ ರಾಡ್ ಪ್ಲೇಟಿಗೆ ಅಂಟಿಕೊಂಡು ಕೆಂಪಗಾಗ್ತಿತ್ತು. ಅವರು ಬಂದು ನನ್ನ ಮಣಿಕಟ್ಟು ಹಿಡಿದುಕೊಂಡರು. "ಕಣ್ಣಲ್ಲಿ ನೋಡೋದಲ್ಲಪ್ಪಾ, ಕಿವೀಲಿ ಕೇಳು. ಬಾಣಲೆಗೆ ಬೋಂಡ ಬಿಟ್ಟಾಗ ಬರುತ್ತಲ್ಲ, ಆ ಸದ್ದು ಬರಬೇಕು" ಅಂದ್ರು. ಐದು ನಿಮಿಷದಲ್ಲಿ ಆ ಸದ್ದು ಬಂತು. ಲೆಕ್ಚರರ್‌ಗೆ ಡಿಗ್ರಿ ಇತ್ತು, ಕೈ ಇರಲಿಲ್ಲ. ಮೆಕ್ಯಾನಿಕ್‌ಗೆ ಕೈ ಇತ್ತು, ಪಾಠ ಮಾಡೋ ಹುದ್ದೆ ಇರಲಿಲ್ಲ. ಇವತ್ತಿನ ನನ್ನ ಮಾತೆಲ್ಲ ಇವರಿಬ್ಬರ ನಡುವಿನ ಆ ಅಂತರದ ಬಗ್ಗೆಯೇ.

ಈಗ ವಿಷಯಕ್ಕೆ ಬರೋಣ. ಆರ್ಕ್ ವೆಲ್ಡಿಂಗ್ ಅಂದ್ರೆ ರಾಡ್ ತುದಿ ಮತ್ತು ಕಬ್ಬಿಣದ ನಡುವೆ ಎರಡು ಮೂರು ಮಿಲಿಮೀಟರ್ ಜಾಗದಲ್ಲಿ ವಿದ್ಯುತ್ತನ್ನ ಹಾರಿಸೋದು. ಅಲ್ಲಿನ ಶಾಖ ಸುಮಾರು 6,000 ಡಿಗ್ರಿ ಸೆಲ್ಸಿಯಸ್. ಉಕ್ಕು ಕರಗೋಕೆ 1,500 ಡಿಗ್ರಿ ಸಾಕು. ಆ ಬೆಳಕಿನಲ್ಲಿ ಅತಿನೇರಳೆ ಕಿರಣ ಇರುತ್ತೆ. ಅದು ಕಣ್ಣಿನ ಮೇಲ್ಪದರವನ್ನ ಸುಡುತ್ತೆ, ಆದರೆ ನೋವು ಶುರುವಾಗೋದು ಆರರಿಂದ ಹನ್ನೆರಡು ಗಂಟೆ ಕಳೆದ ಮೇಲೆ. ಇದೇ ನೋಡಿ ಅಪಾಯ. ಮಗು ಶಾಲೆಯಲ್ಲಿ ನಗ್ತಾ ಇರುತ್ತೆ, ಅಳೋದು ಮನೆಗೆ ಬಂದ ಮೇಲೆ. ಮಾಮೂಲಿ ಕೂಲಿಂಗ್ ಗ್ಲಾಸ್ ಇಲ್ಲಿ ಕೆಲಸಕ್ಕೆ ಬರಲ್ಲ. ಸಾಮಾನ್ಯ ರಾಡ್ ವೆಲ್ಡಿಂಗಿಗೆ 10ರಿಂದ 12ರ ಶೇಡ್ ಗಾಜು ಬೇಕು. ಅದೂ ಮಾಡೋನಿಗೆ ಮಾತ್ರ ಅಲ್ಲ, ಸುತ್ತ ನಿಂತು ನೋಡೋರಿಗೂ ಬೇಕು, ಇಲ್ಲವೇ ನಡುವೆ ಪರದೆ ಇರಬೇಕು.

ಎರಡನೇದು ಹೊಗೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2017ರಲ್ಲಿ ವೆಲ್ಡಿಂಗ್ ಹೊಗೆಯನ್ನ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಜಿಐ ಪೈಪ್ ವೆಲ್ಡ್ ಮಾಡಿದರೆ ಮೇಲಿನ ಸತು ಸುಟ್ಟು ಬಿಳಿ ಹೊಗೆ ಏಳುತ್ತೆ. ಅದನ್ನ ಕುಡಿದವರಿಗೆ ಸಂಜೆಗೆ ಚಳಿ ಜ್ವರ. ನಮ್ಮ ಗ್ರಿಲ್ ಅಂಗಡಿಗಳಲ್ಲಿ ಇದಕ್ಕೆ ಹಾಲು ಕುಡಿ, ಬೆಲ್ಲ ತಿನ್ನು ಅಂತಾರೆ. ಹಾಲು ಹೋಗೋದು ಹೊಟ್ಟೆಗೆ, ಹೊಗೆ ಹೋಗೋದು ಶ್ವಾಸಕೋಶಕ್ಕೆ ಸ್ವಾಮಿ!

ಮೂರನೇದು ಬಟ್ಟೆ. ನಮ್ಮ ಬಹುಪಾಲು ಶಾಲೆಗಳ ಯೂನಿಫಾರಂನಲ್ಲಿ ಪಾಲಿಯೆಸ್ಟರ್ ಇರುತ್ತೆ. ಕಿಡಿ ಬಿದ್ದರೆ ಹತ್ತಿ ಬಟ್ಟೆ ಹತ್ತಿಕೊಳ್ಳಬಹುದು, ಕೊಡವಿ ಆರಿಸಬಹುದು. ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತೆ. ಗಾಳಿಗೆ ಹಾರೋ ವೇಲ್, ಕಾಲಲ್ಲಿ ಹವಾಯಿ ಚಪ್ಪಲಿ, ಮಳೆಗಾಲದಲ್ಲಿ ಸೋರುವ ಕೊಠಡಿಯ ಒದ್ದೆ ನೆಲ, ಇವನ್ನೆಲ್ಲ ನೋಡಿದ ಕೂಡಲೇ "ಮಷೀನ್ ಆಫ್ ಮಾಡು" ಅನ್ನೋ ಮೇಷ್ಟ್ರು ಬೇಕು. ಇದು ಪಟ್ಟಿ ಓದಿ ಬರುವಂಥದ್ದಲ್ಲ, ಅಭ್ಯಾಸದಿಂದ ಬರುವಂಥದ್ದು.

ಹಾಗಾದ್ರೆ ಶಿಕ್ಷಕರ ತರಬೇತಿ ಅಂದ್ರೆ ಏನೇನು ಇರಬೇಕು?

ಮೊದಲು, ಅವರ ಕೈ ಪಳಗಬೇಕು. ರಾಡಿನ ಕೋನ, ಸಾಗುವ ವೇಗ, ಅಂತರ, ಕರೆಂಟು, ಈ ನಾಲ್ಕೂ ಒಟ್ಟಿಗೆ ಕೂಡಬೇಕು. ಒಂದು ಮಿಲಿಮೀಟರ್ ದಪ್ಪದ ರಾಡಿಗೆ ಅಂದಾಜು 30ರಿಂದ 40 ಆಂಪಿಯರ್ ಅನ್ನೋದು ಅಂಗಡಿ ಲೆಕ್ಕ. 3.15 ಮಿಲಿಮೀಟರ್ ರಾಡಿಗೆ ನೂರರ ಆಸುಪಾಸು. ಈ ಲೆಕ್ಕ ಯಾರಾದರೂ ಹೇಳಬಹುದು. ಆದರೆ ಕೈ ಅದನ್ನ ಒಪ್ಪಿಕೊಳ್ಳೋಕೆ ಕಟ್ಟುಗಟ್ಟಲೆ ರಾಡು ಸುಡಬೇಕು. ಸಿಮ್ಯುಲೇಟರ್ ಬಂದಿದೆಯಲ್ಲ ಅಂತೀರಾ? ಕೈಯ ಕೋನ ತಿದ್ದೋಕೆ ಅದು ಒಳ್ಳೇದೇ, ರಾಡೂ ಉಳಿಯುತ್ತೆ. ಆದರೆ ಅದರಲ್ಲಿ ಬಿಸಿ ಇಲ್ಲ, ಹೊಗೆ ಇಲ್ಲ, ಭಯವೂ ಇಲ್ಲ.

ಆಮೇಲೆ, ತಪ್ಪು ಓದೋಕೆ ಬರಬೇಕು. ಇದು ಮಾಡೋ ವಿದ್ಯೆಗಿಂತ ಬೇರೆ ವಿದ್ಯೆ. ವೆಲ್ಡ್ ಮೇಲಿನ ಕಿಟ್ಟ ತಟ್ಟಿ ತೆಗೆದಾಗ ಕೆಳಗೆ ಸಣ್ಣ ಸಣ್ಣ ತೂತು ಕಂಡ್ರೆ, ರಾಡ್ ತೇವ ಹಿಡಿದಿರಬಹುದು ಅಥವಾ ಪ್ಲೇಟಿನ ಮೇಲೆ ತುಕ್ಕು, ಎಣ್ಣೆ ಇದ್ದಿರಬಹುದು. ಅಂಚಿನಲ್ಲಿ ಗುಳಿ ಬಿದ್ದಿದ್ದರೆ ಕರೆಂಟು ಜಾಸ್ತಿ, ಅಥವಾ ಕೋನ ತಪ್ಪು. ವೆಲ್ಡ್ ಮೇಲೆ ಉಬ್ಬಿ ಕೂತು ಒಳಗೆ ಇಳಿಯದೇ ಇದ್ದರೆ ಕರೆಂಟು ಕಡಿಮೆ. ಒಳ್ಳೆ ವೆಲ್ಡರ್ "ಸರಿ ಇಲ್ಲ, ಮತ್ತೆ ಮಾಡು" ಅಂತಾನೆ. ಒಳ್ಳೆ ಮೇಷ್ಟ್ರು "ಇಲ್ಲಿ ನಿನ್ನ ಕೈ ನಿಧಾನ ಆಯ್ತು ನೋಡು" ಅಂತಾರೆ.

ಇನ್ನು ಗುಂಪು ನಿಭಾಯಿಸೋದು. ಐಟಿಐನಲ್ಲಿ ವೆಲ್ಡರ್ ಟ್ರೇಡಿನ ಒಂದು ತಂಡಕ್ಕೆ 20 ಮಂದಿ. ಹೈಸ್ಕೂಲಿನ ತರಗತಿಯಲ್ಲಿ ನಲವತ್ತು, ಐವತ್ತು ಮಕ್ಕಳು. ಇಬ್ಬರು ಬೂತ್ ಒಳಗೆ ವೆಲ್ಡ್ ಮಾಡುವಾಗ ಉಳಿದವರು ಏನು ಮಾಡಬೇಕು? ಅಳತೆ ತೆಗೆಯೋದು, ಗುರುತು ಹಾಕೋದು, ಹ್ಯಾಕ್ಸಾದಲ್ಲಿ ಕತ್ತರಿಸೋದು, ಅಂಚು ಅರ ಹಾಕೋದು. ಇದನ್ನ ಯೋಜಿಸೋಕೆ ಬರದಿದ್ದರೆ ನನ್ನ ಹಾಸ್ಟೆಲ್ ರಾತ್ರಿ ಮತ್ತೆ ಗ್ಯಾರಂಟಿ.

ಈ ಮೂರೂ ಇರೋ ಮನುಷ್ಯ ಎಲ್ಲಿ ಸಿಗ್ತಾರೆ? ದಾರಿ ಎರಡು. ಒಂದು, ವಿಜ್ಞಾನದ ಮೇಷ್ಟ್ರಿಗೆ ವೆಲ್ಡಿಂಗ್ ಕಲಿಸೋದು. ಇನ್ನೊಂದು, ವೆಲ್ಡರ್‌ಗೆ ಪಾಠ ಮಾಡೋದು ಕಲಿಸೋದು.

ಅಮೆರಿಕ ಬಹುಮಟ್ಟಿಗೆ ಮೊದಲ ದಾರಿ ಹಿಡೀತು. ಅಲ್ಲಿ 1917ರಲ್ಲಿ ಸ್ಮಿತ್-ಹ್ಯೂಸ್ ಕಾಯ್ದೆ ಬಂದು, ಹೈಸ್ಕೂಲುಗಳ ವೃತ್ತಿ ಶಿಕ್ಷಣಕ್ಕೆ ಕೇಂದ್ರದ ದುಡ್ಡು ಹರಿಯಿತು. ಹಳ್ಳಿ ಕಡೆಯ ಶಾಲೆಗಳಲ್ಲಿ ಈಗಲೂ ಎಷ್ಟೋ ಕಡೆ ವೆಲ್ಡಿಂಗ್ ಹೇಳಿಕೊಡೋರು ಕೃಷಿ ವಿಷಯದ ಶಿಕ್ಷಕರು. ಬೆಳೆ, ದನಕರು, ಟ್ರ್ಯಾಕ್ಟರ್ ರಿಪೇರಿ ಎಲ್ಲ ಅವರದ್ದೇ. ಕಾಲೇಜಿನಲ್ಲಿ ಅವರಿಗೆ ಸಿಗೋ ವೆಲ್ಡಿಂಗ್ ಪಾಠ ಒಂದೆರಡು ಕೋರ್ಸಿನಷ್ಟು ಮಾತ್ರ. ಅದು ಸಾಲದು ಅಂತ ಬೇಸಿಗೆ ರಜೆಯಲ್ಲಿ ಕಾರ್ಯಾಗಾರಗಳು ನಡೀತವೆ. ಅಲ್ಲಿನ ವೆಲ್ಡಿಂಗ್ ಸೊಸೈಟಿ, ವೆಲ್ಡಿಂಗ್ ಕಲಿಸೋರಿಗೆ ಅಂತಲೇ ಪ್ರತ್ಯೇಕ ಪ್ರಮಾಣಪತ್ರ ಕೊಡುತ್ತೆ.

ನಮ್ಮಲ್ಲಿ ಎರಡನೇ ದಾರಿಯ ಗಟ್ಟಿ ವ್ಯವಸ್ಥೆ ಆಗಲೇ ಇದೆ. ಐಟಿಐ ಬೋಧಕರನ್ನ ತಯಾರು ಮಾಡೋಕೆ ಕೇಂದ್ರ ಸರ್ಕಾರದ ಒಂದು ವರ್ಷದ ಬೋಧಕ ತರಬೇತಿ ಇದೆ. ಅದರಲ್ಲಿ ಟ್ರೇಡಿನ ಕೌಶಲವೂ ಇದೆ, ಪಾಠ ಮಾಡುವ ಕ್ರಮವೂ ಇದೆ. ಬೆಂಗಳೂರಿನ ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆ ಇಂಥ ತರಬೇತಿ ಕೊಡುವ ಜಾಗ. ಪಕ್ಕದ ತಿರುಚಿರಾಪಳ್ಳಿಯಲ್ಲಿ ಬಿಎಚ್‌ಇಎಲ್‌ನ ವೆಲ್ಡಿಂಗ್ ಸಂಶೋಧನಾ ಸಂಸ್ಥೆ ಇದೆ. ಸರ್ಕಾರಿ ಐಟಿಐಗಳು ಜಿಲ್ಲೆ ಜಿಲ್ಲೆಯಲ್ಲಿವೆ, ಅವುಗಳಲ್ಲಿ 150ನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೆ ಏರಿಸಿದ್ದೂ ಆಗಿದೆ. ಹೈಸ್ಕೂಲಿನಲ್ಲೇ ತಾಂತ್ರಿಕ ವಿಷಯ ಕಲಿಸುವ ಜೂನಿಯರ್ ಟೆಕ್ನಿಕಲ್ ಸ್ಕೂಲುಗಳು ನಮ್ಮ ರಾಜ್ಯದಲ್ಲಿ ಮೊದಲಿನಿಂದಲೂ ಇವೆ. ಅಂದ್ರೆ ಕಲಿಸುವ ಜಾಗ ಇದೆ, ಕಲಿತವರೂ ಇದ್ದಾರೆ. ಶಾಲೆಗೂ ಅವಕ್ಕೂ ನಡುವೆ ಸೇತುವೆ ಇಲ್ಲ.

ಶಾಲೆಗಳ ಕಥೆ ಏನು? ಹಲವು ರಾಜ್ಯಗಳಲ್ಲಿ ವೃತ್ತಿ ವಿಷಯದ ತರಬೇತುದಾರರು ಹೊರಗುತ್ತಿಗೆಯವರು. ಕೆಲವು ದಿನಗಳ ತರಬೇತಿ, ವರ್ಷ ವರ್ಷ ನವೀಕರಣ, ಮುಂದಿನ ಜೂನ್‌ನಲ್ಲಿ ಇರ್ತಾರೋ ಇಲ್ವೋ ಗೊತ್ತಿಲ್ಲ. ಅಂಗಡಿಯಲ್ಲೋ ಫ್ಯಾಕ್ಟರಿಯಲ್ಲೋ ಹೆಚ್ಚು ಸಂಬಳ ಸಿಗೋ ವೆಲ್ಡರ್ ಇಲ್ಲಿಗೆ ಯಾಕೆ ಬರ್ತಾನೆ? ಬಂದರೂ ಯಾಕೆ ಉಳೀತಾನೆ?

ನನ್ನ ಅಭಿಪ್ರಾಯ ಕೇಳಿದರೆ, ಎರಡೂ ದಾರಿ ಕೂಡಿಸಿ. ಶಾಲೆಯ ವಿಜ್ಞಾನ ಶಿಕ್ಷಕರೊಬ್ಬರು, ಹತ್ತಿರದ ಐಟಿಐನ ವೆಲ್ಡಿಂಗ್ ಬೋಧಕರೊಬ್ಬರು, ಇಬ್ಬರೂ ಜೋಡಿ. ಒಂದು ಬೇಸಿಗೆ ಪೂರ್ತಿ ಮೇಷ್ಟ್ರು ಐಟಿಐನಲ್ಲಿ ರಾಡ್ ಹಿಡೀಲಿ, ಆ ದಿನಗಳಿಗೆ ಸಂಬಳ ಸಹಿತ ರಜೆ ಕೊಡಿ. ಮೊದಲ ವರ್ಷ ಬೋಧಕರು ಶಾಲೆಗೆ ಬಂದು ಪಕ್ಕದಲ್ಲಿ ನಿಲ್ಲಲಿ. ಎರಡನೇ ವರ್ಷ ಮೇಷ್ಟ್ರು ಒಬ್ಬರೇ ನಿಲ್ಲಲಿ, ಆದರೆ ಯಾರಾದರೂ ಬಂದು ಅವರ ಕೈ ಪರೀಕ್ಷೆ ಮಾಡಿದ ಮೇಲೆ. ಹತ್ತನೇ ತರಗತಿ ಮುಗಿಸಿದ ಹುಡುಗ ವೆಲ್ಡರ್ ಆಗಲೇಬೇಕು ಅಂತಲ್ಲ. ಜೌಲ್ ನಿಯಮವನ್ನ ಬಾಯಿಪಾಠ ಮಾಡೋ ಬದಲು, ಅದು ಕಬ್ಬಿಣ ಕರಗಿಸೋದನ್ನ ತನ್ನ ಕೈಯಲ್ಲಿ ಕಂಡರೆ ಅಷ್ಟೇ ಲಾಭ. ಮುಂದೆ ಅವನು ಎಂಜಿನಿಯರ್ ಆದರೂ ವೆಲ್ಡರ್‌ನ ಕೆಲಸಕ್ಕೆ ಮರ್ಯಾದೆ ಕೊಡ್ತಾನೆ.

ಒಂದು ಸಣ್ಣ ಇನ್ವರ್ಟರ್ ವೆಲ್ಡಿಂಗ್ ಮಷೀನ್ ಈಗ ಹತ್ತು ಸಾವಿರ ರೂಪಾಯಿ ಆಸುಪಾಸಿಗೆ ಸಿಗುತ್ತೆ. ಟೆಂಡರ್ ಕರೆಯೋದು ಸುಲಭ, ರಿಬ್ಬನ್ ಕತ್ತರಿಸೋದು ಇನ್ನೂ ಸುಲಭ. ಮೇಷ್ಟ್ರನ್ನ ತಯಾರು ಮಾಡೋಕೆ ವರ್ಷ ಬೇಕು, ಅದಕ್ಕೆ ಫೋಟೋನೂ ಬರಲ್ಲ. ಅದಕ್ಕೇ ಅದು ಯಾರಿಗೂ ಬೇಡ. ಹಾಗಾಗಿ ನಿಮ್ಮ ಊರಿನ ಶಾಲೆಗೆ ಮಷೀನ್ ಬಂದ ದಿನ, ಎಸ್‌ಡಿಎಂಸಿ ಸಭೆಗೆ ಹೋಗಿ ಒಂದೇ ಪ್ರಶ್ನೆ ಕೇಳಿ: "ಇದನ್ನ ಹೇಳಿಕೊಡೋ ಮೇಷ್ಟ್ರು ಎಷ್ಟು ರಾಡ್ ಸುಟ್ಟಿದ್ದಾರೆ?"

ಉತ್ತರ ಬರೋವರೆಗೂ ಮಷೀನಿನ ಪ್ಲಗ್ ಹಾಕೋಕೆ ಬಿಡಬೇಡಿ.