ನಿಲ್ಲಿಸಿದ ಕಾರಿನಲ್ಲಿ ನಾಯಿ: ಹತ್ತು ನಿಮಿಷವೂ ಅಪಾಯ

ಬೇಸಿಗೆ ರಜೆಗೆ ಬೆಂಗಳೂರಿನಿಂದ ಮಂಗಳೂರಿಗೆ ಕಾರಿನಲ್ಲಿ ಹೊರಡುವ ಕುಟುಂಬಗಳು ಮನೆಯ ನಾಯಿ, ಬೆಕ್ಕುಗಳನ್ನೂ ಜತೆಗೆ ಕರೆದೊಯ್ಯುವುದುಂಟು. ಶಿರಾಡಿ ಘಾಟಿಯ ತಿರುವುಗಳ ಬಗ್ಗೆ ಎಲ್ಲರಿಗೂ ಆತಂಕ. ಆದರೆ ಊಟಕ್ಕೆಂದು ಹೋಟೆಲಿನ ಮುಂದೆ ನಿಲ್ಲಿಸಿದ ಕಾರೇ ಅವುಗಳ ಪ್ರಾಣಕ್ಕೆ ಎರವಾಗಬಹುದೆಂಬುದು ಹಲವರಿಗೆ ಹೊಳೆಯುವುದಿಲ್ಲ.

ನಾಯಿಗೆ ಮನುಷ್ಯರಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಡುತ್ತಲೇ ಅದು ಮುಖ್ಯವಾಗಿ ದೇಹದ ಶಾಖವನ್ನು ಹೊರಹಾಕುತ್ತದೆ. ಸುತ್ತಲಿನ ಗಾಳಿಯೇ ಕಾದಿದ್ದರೆ ಈ ಉಪಾಯ ಫಲಿಸದು. ಬಿಸಿಲಿನಲ್ಲಿ ನಿಂತ ಕಾರಿನೊಳಗಿನ ಉಷ್ಣಾಂಶ ಹತ್ತೇ ನಿಮಿಷಗಳಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಬಲ್ಲದು. ಗಾಜನ್ನು ಎರಡು ಬೆರಳಿನಷ್ಟು ಇಳಿಸಿದರೂ ಹೆಚ್ಚಿನ ವ್ಯತ್ಯಾಸವಾಗದು. ನಾಯಿಯ ಸಹಜ ದೇಹೋಷ್ಣ 38ರಿಂದ 39 ಡಿಗ್ರಿ. ಅದು 41 ದಾಟಿದರೆ ಜೀವಾಪಾಯ. ಪಗ್‌ನಂತಹ ಮೋಟು ಮೂತಿಯ ತಳಿಗಳು ಇನ್ನೂ ಬೇಗ ಬಳಲುತ್ತವೆ.

ಆದ್ದರಿಂದ ಸರದಿಯಂತೆ ಊಟ ಮಾಡಿ, ಒಬ್ಬರು ಪ್ರಾಣಿಯೊಡನೆ ನೆರಳಿನಲ್ಲಿರುವುದೇ ಸರಿ. ಪ್ರಯಾಣ ಅರ್ಧ ಗಂಟೆ ತಡವಾದೀತು, ಅಷ್ಟೆ. ನಾಯಿ ವಿಪರೀತ ಜೊಲ್ಲು ಸುರಿಸುತ್ತ ತೂರಾಡಿದರೆ ಮೈಗೆ ತಣ್ಣೀರು ಹಾಕಿ, ಗಾಳಿ ಬೀಸುತ್ತ, ತಡಮಾಡದೆ ಪಶುವೈದ್ಯರಲ್ಲಿಗೆ ಕರೆದೊಯ್ಯಬೇಕು.

ಇನ್ನು ಘಾಟಿಯ ಮಾತು. ಹೊರಡುವ ಮೂರು-ನಾಲ್ಕು ಗಂಟೆ ಮೊದಲೇ ಲಘು ಆಹಾರ ಕೊಟ್ಟಿದ್ದರೆ ಸಕಲೇಶಪುರ ದಾಟಿದ ಮೇಲಿನ ವಾಂತಿ ತಪ್ಪೀತು. ನಾಯಿಯನ್ನು ಹಿಂದಿನ ಆಸನದಲ್ಲಿ ಕೂರಿಸಿ, ಬೆಲ್ಟನ್ನು ಕತ್ತಿನ ಪಟ್ಟಿಗಲ್ಲ, ಎದೆಯನ್ನು ಬಳಸುವ ಪಟ್ಟಿಗೆ ಬಿಗಿಯಬೇಕು. ಇಲ್ಲವಾದರೆ ಒಮ್ಮೆಲೇ ಬ್ರೇಕ್ ಹಾಕಿದಾಗ ಪೆಟ್ಟು ಕತ್ತಿಗೇ ಬೀಳುತ್ತದೆ. ಬೆಕ್ಕಿಗೆ ಮುಚ್ಚಳವಿರುವ, ಗಾಳಿಯಾಡುವ ಬುಟ್ಟಿಯೇ ಬೇಕು. ಹೆದರಿದ ಬೆಕ್ಕು ನುಸುಳುವುದು ಕತ್ತಲ ಮೂಲೆಗೆ. ಚಾಲಕನ ಕಾಲಡಿ, ಬ್ರೇಕ್ ಪೆಡಲಿನ ಹಿಂದೆ ಇರುವುದೂ ಅಂಥದೇ ಮೂಲೆ.