ಗೆಳೆಯರೊಡನೆ ಕಲೆ ನೋಡುವ ಸಂಜೆ

ಸಂಜೆಯ ಹೊತ್ತು ನಾಲ್ಕು ಮಂದಿ ಗೆಳೆಯರು ಕೂಡಿದರೆ ಹೋಟೆಲು, ಸಿನಿಮಾ, ಇಲ್ಲವೆ ಹೊಳೆಯ ದಂಡೆ. ಇಷ್ಟರಲ್ಲಿ ನಮ್ಮ ಯೋಚನೆ ಮುಗಿಯುತ್ತದೆ. ಕಲೆ ನೋಡಲು ಹೋಗೋಣವೆಂದು ಯಾರಾದರೂ ಹೇಳಿದರೆ, ಅದಕ್ಕೆ ಬೆಂಗಳೂರಿಗೇ ಹೋಗಬೇಕೆಂಬ ಉತ್ತರ ಸಿದ್ಧವಾಗಿರುತ್ತದೆ. ಆಯನೂರಿನಂಥ ಊರಿನವರಿಗೆ ಈ ಮಾತು ಸಹಜವೆಂದು ತೋರಬಹುದು. ಆದರೆ ಆಯನೂರು ಇರುವುದು ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ಹೆದ್ದಾರಿಯಲ್ಲಿ. ಆ ದಾರಿಯ ಒಂದು ತುದಿಗೆ ಕಲ್ಲಿನ ಕಲೆ, ಇನ್ನೊಂದು ತುದಿಗೆ ಗೋಡೆಯ ಕಲೆ. ಇವೆರಡನ್ನೂ ನೋಡುವ ಬಗೆ ಬೇರೆ. ಉಳಿಸಿಕೊಳ್ಳುವ ಬಗೆಯೂ ಬೇರೆ.

ಮೊದಲು ಶಿವಮೊಗ್ಗಕ್ಕೆ ಹೊರಡೋಣ. ಅಲ್ಲಿ ತುಂಗಾ ನದಿಗೆ ಸಮೀಪದಲ್ಲಿ ಮರದ ಕಂಬಗಳ ಎರಡಂತಸ್ತಿನ ಒಂದು ಕಟ್ಟಡವುಂಟು. 1645ರಿಂದ 1660ರವರೆಗೆ ಕೆಳದಿ ರಾಜ್ಯವನ್ನಾಳಿದ ದೊರೆಯ ಹೆಸರಿನಿಂದ ಅದನ್ನು ಶಿವಪ್ಪನಾಯಕನ ಅರಮನೆ ಎಂದು ಕರೆಯುತ್ತಾರೆ. ಈಗ ಅದು ಸರ್ಕಾರದ ವಸ್ತುಸಂಗ್ರಹಾಲಯ. ಸುತ್ತಲಿನ ಊರುಗಳಿಂದ ತಂದ ಮೂರ್ತಿಗಳೂ ವೀರಗಲ್ಲುಗಳೂ ಅದರ ಆವರಣದಲ್ಲಿವೆ. ಬಾಗಿಲು ಹಾಕುವ ವೇಳೆಯನ್ನು ವಿಚಾರಿಸಿಕೊಂಡು ಅದಕ್ಕೆ ಒಂದು ಗಂಟೆ ಮುಂಚೆಯಾದರೂ ಹೋಗಿ. ಬೆಳಕು ನೇರವಾಗಿ ಬಿದ್ದರೆ ಸವೆದ ಗೆರೆ ಅಡಗಿಹೋಗುತ್ತದೆ. ಓರೆಯಾಗಿ ಬಿದ್ದರೆ ನೆರಳು ಮೂಡಿ ಎದ್ದು ಕಾಣುತ್ತದೆ. ಆದ್ದರಿಂದ ಎಲ್ಲರೂ ಎದುರಿಗೇ ನಿಲ್ಲದೆ, ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ ನಿಂತು, ಕಂಡದ್ದನ್ನು ಒಬ್ಬರಿಗೊಬ್ಬರು ಹೇಳಬೇಕು. ಗೆಳೆಯರು ಜೊತೆಗಿದ್ದರೆ ಆಗುವ ಮೊದಲ ಲಾಭ ಇದು.

ವೀರಗಲ್ಲನ್ನು ಪುಸ್ತಕದಂತೆ ಮೇಲಿನಿಂದ ಓದಬಾರದು, ಕೆಳಗಿನಿಂದ ಓದಬೇಕು. ಸಾಮಾನ್ಯವಾಗಿ ಅದರಲ್ಲಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗಿನದರಲ್ಲಿ ಕಾಳಗ. ಅಲ್ಲಿ ದನಗಳು ಕಂಡರೆ, ಊರಿನ ಹಿಂಡನ್ನು ಹೊಡೆದುಕೊಂಡು ಹೋಗುವವರನ್ನು ತಡೆದು ಸತ್ತವನ ಕಲ್ಲು ಅದೆಂದು ತಿಳಿಯಬಹುದು. ನಡುವಣ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ಮೇಲಕ್ಕೆ ಕರೆದೊಯ್ಯುತ್ತಾರೆ. ಮೇಲಿನದರಲ್ಲಿ ಅವನು ಶಿವಲಿಂಗದ ಸನ್ನಿಧಿಯಲ್ಲಿದ್ದಾನೆ. ತುದಿಯಲ್ಲಿ ಸೂರ್ಯಚಂದ್ರರು, ಅವರಿರುವ ತನಕ ಈ ನೆನಪಿರಲಿ ಎಂದು ಅದರ ಅರ್ಥ. ಕಂಬದಿಂದ ಹೊರಟು, ಮೊಳಕೈಯಲ್ಲಿ ಮಡಿಸಿ ಮೇಲೆತ್ತಿದ ಬಳೆಯ ಕೈ ಕಂಡರೆ ಅದು ಮಾಸ್ತಿಕಲ್ಲು, ಗಂಡನ ಚಿತೆಯೇರಿದವಳ ಗುರುತು. ಅದರೆದುರು ಕೆತ್ತನೆಯನ್ನು ಹೊಗಳುವ ಮಾತು ಸುಲಭವಾಗಿ ಬಾರದು.

ಇಂಥ ಕಲ್ಲುಗಳು ಅರಸರಿಗಷ್ಟೇ ಮೀಸಲಾಗಿರಲಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಕಲ್ಲು, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯನ್ನೂ ನೆನೆಯುತ್ತದೆ.

ಇನ್ನೊಂದು ಸಂಜೆ ಅದೇ ಹೆದ್ದಾರಿಯಲ್ಲಿ ಎದುರು ದಿಕ್ಕಿಗೆ, ಸಾಗರದ ಕಡೆಗೆ ಹೋಗಿ. ಆ ಸೀಮೆಯ ದೀವರ ಮನೆಗಳಲ್ಲಿ ಹೆಂಗಸರು ಬರೆಯುವುದೇ ಹಸೆ ಚಿತ್ತಾರ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಯ ಹಿಟ್ಟಿನ ಬಿಳಿಯಿಂದ, ಪುಂಡಿನಾರಿನ ಕುಂಚ ಹಿಡಿದು ಎಳೆ ಎಳೆಯಾಗಿ ಬರೆಯುತ್ತಾರೆ. ಮದುವೆಯ ಹಸೆಯ ಹಿಂದಿನ ಗೋಡೆ ಅದರ ಮುಖ್ಯ ಸ್ಥಾನ. ಮದುಮಕ್ಕಳನ್ನು ತ್ರಿಕೋನಗಳಿಂದಲೇ ರಚಿಸುವ ಜಾಣ್ಮೆ ಗಮನಿಸತಕ್ಕದ್ದು. ಭೂಮಿ ಹುಣ್ಣಿಮೆಯಲ್ಲಿ ಗದ್ದೆಗೆ ಚರಗ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಇದೇ ಚಿತ್ತಾರ ಮೂಡುತ್ತದೆ.

ಈಗ ಮಣ್ಣಿನ ಗೋಡೆಯ ಬದಲು ಸಿಮೆಂಟಿನ ಗೋಡೆ ಬಂದಿದೆ. ಚಿತ್ತಾರವು ಕಾಗದಕ್ಕೂ ಬಟ್ಟೆಗೂ ಏರಿ, ಕಟ್ಟು ಹಾಕಿಸಿಕೊಂಡು ಪ್ರದರ್ಶನಗಳಲ್ಲಿ ಮಾರಾಟವಾಗುತ್ತದೆ. ಇದರಿಂದ ಬರೆಯುವ ಕೈಗೆ ನಾಲ್ಕು ಕಾಸು ಸಿಕ್ಕಿದರೆ ಬೇಸರಪಡಬೇಕಾಗಿಲ್ಲ. ಆದರೆ ಒಂದು ಭೇದವನ್ನು ಮರೆಯಬಾರದು. ಕಲ್ಲು ಒಂದೇ ಸಲ ಕೆತ್ತಿದ್ದು. ಅದು ಹೋದರೆ ಹೋಯಿತು. ಅದನ್ನು ಕಾಯುವುದೇ ನಮ್ಮ ಕೆಲಸ. ಚಿತ್ತಾರವಾದರೋ ಅಳಿಸಿಹೋಗುವುದಕ್ಕೆಂದೇ ಬರೆದದ್ದು. ಮುಂದಿನ ಮದುವೆಗೆ ಮತ್ತೆ ಬರೆದರೆ ಮಾತ್ರ ಅದು ಉಳಿಯುತ್ತದೆ. ಗಾಜಿನ ಪೆಟ್ಟಿಗೆ ಒಂದು ಚಿತ್ತಾರವನ್ನು ಕಾಪಾಡೀತು, ಚಿತ್ತಾರ ಬರೆಯುವುದನ್ನು ಕಾಪಾಡಲಾರದು.

ಆದುದರಿಂದ, ನಿಮ್ಮ ಊರಿನ ಕೆರೆಯ ಏರಿಯಲ್ಲೋ ಗದ್ದೆಯ ಬದುವಿನಲ್ಲೋ ವೀರಗಲ್ಲು ಕಂಡರೆ ಸುಣ್ಣ ಬಣ್ಣ ಬಳಿಯಬೇಡಿ, ಕಿತ್ತು ಸಾಗಿಸಬೇಡಿ; ಪುರಾತತ್ವ ಇಲಾಖೆಗೆ ತಿಳಿಸಿ. ಯಾವ ಕೆರೆ, ಯಾರ ಗದ್ದೆ ಎಂಬುದೂ ಆ ಕಲ್ಲಿನ ಕಥೆಯ ಒಂದು ಭಾಗವೇ. ಚಿತ್ತಾರ ಬಲ್ಲ ಅಜ್ಜಿಯೊಬ್ಬಳು ಮನೆಯಲ್ಲಿದ್ದರೆ, ಬರುವ ಮದುವೆಗೆ ಒಂದು ಗೋಡೆಯನ್ನು ಅವಳಿಗೆ ಬಿಟ್ಟುಕೊಡಿ. ಮೊಮ್ಮಗಳ ಕೈಗೂ ಒಂದು ಪುಂಡಿನಾರಿನ ಕುಂಚ ಕೊಡಿ.