ಒಡೆದ ಕಾಳಿನ ಆಯಸ್ಸು

ಹೊಸದಾಗಿ ಮನೆ ಮಾಡಿ ಮೊದಲ ಸಲ ಸ್ವಂತ ಒಲೆ ಹಚ್ಚುವವರು ದಿನಸಿ ಅಂಗಡಿಗೆ ಚೀಟಿ ಹಿಡಿದು ಹೋಗುತ್ತಾರೆ. ಅಕ್ಕಿ, ತೊಗರಿಬೇಳೆ, ಉದ್ದಿನಬೇಳೆ, ರವೆ, ಗೋಧಿಹಿಟ್ಟು, ಸಾಸಿವೆ, ಜೀರಿಗೆ, ಮೆಂತ್ಯ, ಅರಿಶಿನ, ಸಾರಿನ ಪುಡಿ, ಹುಣಸೆಹಣ್ಣು, ಬೆಲ್ಲ, ಉಪ್ಪು, ಎಣ್ಣೆ. ಅಮ್ಮನೋ ಅಜ್ಜಿಯೋ ಫೋನಿನಲ್ಲಿ ಹೇಳಿ ಬರೆಸಿದ ಈ ಪಟ್ಟಿಯಲ್ಲಿ ತಪ್ಪೇನೂ ಇರುವುದಿಲ್ಲ. ಎಡವುವುದು ಪ್ರಮಾಣದಲ್ಲಿ. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ತಂದರೆ ಎರಡು ಮೂರು ತಿಂಗಳಲ್ಲಿ ರವೆಗೆ ಹುಳು ಬೀಳುತ್ತದೆ, ಹಿಟ್ಟು ಕಹಿಯಾಗುತ್ತದೆ, ಧನಿಯಾ ಪುಡಿ ಘಮ ಕಳೆದುಕೊಂಡು ಹೊಟ್ಟಿನಂತಾಗುತ್ತದೆ. ಆ ಸಾಮಾನಿನಲ್ಲಿ ಮಾಡಿದ ಸಾರು ರುಚಿಸದಿದ್ದಾಗ ಹೊಸಬರು ತಮ್ಮ ಕೈಯನ್ನೇ ಹಳಿದುಕೊಳ್ಳುತ್ತಾರೆ. ಯಾವ ಸಾಮಾನನ್ನು ಎಷ್ಟು ತರಬೇಕೆಂದು ತಿಳಿಯಲು ಒಂದು ಸರಳ ಸೂತ್ರವಿದೆ: ಇಡಿಯಾಗಿರುವುದನ್ನು ತಿಂಗಳುಗಳಿಗೆ ಕೊಳ್ಳಿ, ಪುಡಿಯಾದದ್ದನ್ನು ವಾರಗಳಿಗೆ ಮಾತ್ರ.

ಕಾಳು ಎಂದರೆ ತಾಯಿಗಿಡ ತನ್ನ ಮರಿಗೆ ಕಟ್ಟಿಕೊಟ್ಟ ಬುತ್ತಿ. ಮುಂದಿನ ಮಳೆಯವರೆಗೆ ಅದು ಕೆಡಬಾರದು. ಅದಕ್ಕಾಗಿ ಗಿಡ ಎರಡು ಉಪಾಯ ಮಾಡುತ್ತದೆ: ಒಳಗಿನ ನೀರನ್ನು ಬತ್ತಿಸುತ್ತದೆ, ಸುತ್ತ ಗಟ್ಟಿ ಸಿಪ್ಪೆ ಹೊದಿಸುತ್ತದೆ. ಚೆನ್ನಾಗಿ ಒಣಗಿದ ಧಾನ್ಯದಲ್ಲಿ ತೂಕದ ಶೇ. 12–14ರಷ್ಟು ನೀರು ಆಗಲೂ ಉಳಿದಿರುತ್ತದೆ. ಆದರೂ ಬೂಷ್ಟು ಹಿಡಿಯುವುದಿಲ್ಲ. ಏಕೆಂದರೆ ಆ ನೀರು ಪಿಷ್ಟಕ್ಕೂ ಪ್ರೋಟೀನಿಗೂ ಅಂಟಿಕೊಂಡಿರುತ್ತದೆ, ಸೂಕ್ಷ್ಮಜೀವಿಗಳ ಬಾಯಿಗೆ ಸಿಗುವುದಿಲ್ಲ. ಆಹಾರದಲ್ಲಿ ಒಟ್ಟು ಎಷ್ಟು ನೀರಿದೆ ಎಂಬುದು ಮುಖ್ಯವಲ್ಲ, ಜೀವಿಗಳಿಗೆ ಎಷ್ಟು ದಕ್ಕುತ್ತದೆ ಎಂಬುದೇ ಮುಖ್ಯ ಎಂದು 1950ರ ದಶಕದಲ್ಲಿ ಆಸ್ಟ್ರೇಲಿಯಾದ ಸೂಕ್ಷ್ಮಜೀವಿ ತಜ್ಞ ವಿಲಿಯಂ ಜೇಮ್ಸ್ ಸ್ಕಾಟ್ ತೋರಿಸಿಕೊಟ್ಟರು. ಶುದ್ಧ ನೀರಿಗೆ 1 ಎಂದಿಟ್ಟುಕೊಂಡರೆ, ಈ ಅಳತೆ 0.6ಕ್ಕಿಂತ ಕೆಳಗಿಳಿದ ಪದಾರ್ಥದಲ್ಲಿ ಯಾವ ಸೂಕ್ಷ್ಮಜೀವಿಯೂ ಬೆಳೆಯಲಾರದು. ಒದ್ದೆ ಚಮಚವನ್ನು ಡಬ್ಬಿಗೆ ಹಾಕಬೇಡಿ ಎಂದು ಹಿರಿಯರು ಗದರುವುದು ಇದೇ ಕಾರಣಕ್ಕೆ. ಎರಡು ಹನಿ ನೀರು ಬಿದ್ದ ಜಾಗದಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ.

ಇನ್ನು ಸಿಪ್ಪೆಯ ವಿಚಾರ. ಒಂದು ಸೆಂಟಿಮೀಟರ್ ಅಗಲ, ಉದ್ದ, ಎತ್ತರದ ಘನವೊಂದರ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನು ಒಂದೊಂದು ಮಿಲಿಮೀಟರಿನ ಘನಗಳಾಗಿ ಒಡೆದರೆ ಮೇಲ್ಮೈ 60 ಆಗುತ್ತದೆ, ಇನ್ನೂ ಹತ್ತು ಪಟ್ಟು ನುಣ್ಣಗೆ ಮಾಡಿದರೆ 600. ಬೀಸುವುದೆಂದರೆ ಗಾಳಿಗೆ ಇಷ್ಟು ಬಾಗಿಲು ತೆರೆದಂತೆ. ಧನಿಯಾದ ಪರಿಮಳದ ಎಣ್ಣೆ ಕಾಳಿನೊಳಗಿನ ಸಣ್ಣ ನಾಳಗಳಲ್ಲಿ ಭದ್ರವಾಗಿರುತ್ತದೆ. ಪುಡಿ ಮಾಡಿದ ಕ್ಷಣದಿಂದ ಹಾರಲು ತೊಡಗುತ್ತದೆ. ಸಜ್ಜೆಯದು ಇನ್ನೂ ಸ್ಪಷ್ಟ ಉದಾಹರಣೆ. ಅದರಲ್ಲಿ ಶೇ. 5ರಷ್ಟು ಕೊಬ್ಬಿದೆ, ಆ ಕೊಬ್ಬನ್ನು ಸೀಳುವ ಲೈಪೇಸ್ ಎಂಬ ಕಿಣ್ವವೂ ಅದೇ ಕಾಳಿನಲ್ಲಿದೆ. ಇಡೀ ಕಾಳಿನಲ್ಲಿ ಇವೆರಡೂ ಬೇರೆ ಬೇರೆ ಕೋಣೆಗಳಲ್ಲಿರುತ್ತವೆ. ಬೀಸಿದಾಗ ಗೋಡೆ ಒಡೆದು ಒಂದಾಗುತ್ತವೆ, ಕೆಲವೇ ದಿನಗಳಲ್ಲಿ ಹಿಟ್ಟಿಗೆ ಕಮಟು ವಾಸನೆಯೂ ಕಹಿಯೂ ಬರುತ್ತದೆ. ಸಜ್ಜೆ ರೊಟ್ಟಿಗೆ ಬೇಕಾದಷ್ಟನ್ನೇ ಆಗಾಗ ಬೀಸಿಸಿಕೊಳ್ಳುವ ಉತ್ತರ ಕರ್ನಾಟಕದ ರೂಢಿ ರಸಾಯನಶಾಸ್ತ್ರದ ಲೆಕ್ಕಕ್ಕೂ ಸರಿಯಾಗಿದೆ.

ಹಾಗಾದರೆ ಅಕ್ಕಿಯ ಮಾತೇನು ಎಂದು ಕೇಳಬಹುದು. ಸಿಪ್ಪೆ, ತೌಡು, ಮೊಳಕೆಯ ಕಣ್ಣು ಎಲ್ಲವನ್ನೂ ಕಳೆದುಕೊಂಡ ಪಾಲಿಶ್ ಅಕ್ಕಿ ವರ್ಷ ಇಟ್ಟರೂ ಕೆಡುವುದಿಲ್ಲ, ತೌಡು ಉಳಿಸಿಕೊಂಡ ಕೆಂಪಕ್ಕಿ ಆರು ತಿಂಗಳಿಗೇ ಕಮಟಾಗಬಹುದು. ಪ್ರಶ್ನೆ ನ್ಯಾಯವಾದದ್ದು, ಸೂತ್ರವನ್ನು ಇನ್ನಷ್ಟು ಖಚಿತಗೊಳಿಸುವಂಥದ್ದು. ಕಮಟು ಹುಟ್ಟುವುದು ಎಣ್ಣೆಯಿಂದ. ಅಕ್ಕಿಯ ಎಣ್ಣೆಯ ಬಹುಪಾಲು ಇರುವುದು ತೌಡು ಮತ್ತು ಮೊಳಕೆಯಲ್ಲಿ. ಗಿರಣಿ ಅವನ್ನು ತೆಗೆದುಬಿಟ್ಟಿದೆ, ಜೊತೆಗೆ ಪೌಷ್ಟಿಕಾಂಶವನ್ನೂ ತೆಗೆದಿದೆ. ಇನ್ನೊಂದು ಅಪವಾದ ದ್ವಿದಳ ಕಾಳುಗಳದ್ದು. ಇಡೀ ಹೆಸರುಕಾಳು, ಅಲಸಂದೆ, ಕಡಲೆಗೆ ಬೇಳೆಗಿಂತ ಬೇಗ ಹುಳು ಬೀಳುತ್ತದೆ. ಕಾಳಿನ ಮೈಮೇಲೆ ಸುಣ್ಣದ ಚುಕ್ಕಿಯಂತೆ ಬಿಳಿ ಬೊಟ್ಟುಗಳು ಕಂಡರೆ ಅವು ಆ ಹುಳುವಿನ ಮೊಟ್ಟೆಗಳು. ನುಣುಪಾದ ಇಡೀ ಸಿಪ್ಪೆಯ ಮೇಲೆ ಅದು ಮೊಟ್ಟೆ ಅಂಟಿಸುತ್ತದೆ, ಮರಿ ಅಲ್ಲಿಂದಲೇ ಒಳಕ್ಕೆ ಕೊರೆದುಕೊಂಡು ಹೋಗುತ್ತದೆ. ಸಿಪ್ಪೆ ಕಳೆದು ಸೀಳಿದ ಬೇಳೆ ಅದಕ್ಕೆ ಅಷ್ಟಾಗಿ ಹಿಡಿಸುವುದಿಲ್ಲ. ಕಾಳಿಗೆ ಹರಳೆಣ್ಣೆ ಸವರಿಡುವ ಹಳೆಯ ಪದ್ಧತಿ ಈ ಮೊಟ್ಟೆಗಳು ಮರಿಯಾಗದಂತೆ ತಡೆಯುತ್ತದೆ. ಹೊಸಬರಿಗೆ ಕಾಳು ಅರ್ಧ ಕೆಜಿ ಸಾಕು.

ನಮ್ಮ ಹಿರಿಯರು ವರ್ಷದ ದಿನಸಿಯನ್ನು ಒಟ್ಟಿಗೆ ತುಂಬಿಸುತ್ತಿರಲಿಲ್ಲವೇ, ಮೂಟೆ ಲೆಕ್ಕದಲ್ಲಿ ಕೊಂಡರೆ ಅಗ್ಗವಲ್ಲವೇ ಎಂಬ ಆಕ್ಷೇಪವೂ ಇದೆ. ತುಂಬಿಸುತ್ತಿದ್ದರು, ಆದರೆ ಹೇಗೆ ಎಂದು ನೋಡಬೇಕು. ಹಳೆ ಮೈಸೂರು ಸೀಮೆಯಲ್ಲಿ ನೆಲದೊಳಗೆ ತೋಡಿದ ಹಗೇವಿನಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ರಾಗಿ ಕಾಳು ತೀರ ಚಿಕ್ಕದು, ಅಕ್ಕಿಯ ಮೂತಿಹುಳು ಅದರೊಳಗೆ ಮರಿ ಬೆಳೆಸಲಾರದು. ಬಾಯಿ ಮುಚ್ಚಿದ ಹಗೇವಿನಲ್ಲಿ ಧಾನ್ಯವೇ ಉಸಿರಾಡಿ ಆಮ್ಲಜನಕ ತೀರಿಸಿ ಇಂಗಾಲದ ಡೈಆಕ್ಸೈಡ್ ತುಂಬಿಸುವುದರಿಂದ ಮಿಕ್ಕ ಕೀಟಗಳೂ ಬದುಕಲಾರವು. ಹಗೇವು ತೆರೆದ ಕೂಡಲೇ ಯಾರೂ ಒಳಗಿಳಿಯಬಾರದು ಎಂಬ ಎಚ್ಚರಿಕೆ ಬಂದದ್ದೂ ಇದರಿಂದಲೇ. ಅಲ್ಲಿ ಕೂಡಿಟ್ಟದ್ದು ಇಡೀ ರಾಗಿ, ಹಿಟ್ಟಲ್ಲ. ಹಿಟ್ಟು ರಾಗಿಕಲ್ಲಿನಲ್ಲಿ ಬೇಕಾದಾಗ ಬೀಸಿದ್ದು. ಇವತ್ತು ಸೆಕೆಯ ಅಡುಗೆಮನೆಯಲ್ಲಿ ಹತ್ತು ಕೆಜಿ ಗೋಧಿಹಿಟ್ಟು ಇಟ್ಟು ಆ ಪರಂಪರೆಯ ಹೆಸರು ಹೇಳಲಾಗದು. ಕಾಳು, ಬೇಳೆಗಳಿಗೆ ಇನ್ನೊಂದು ತೊಂದರೆಯಿದೆ. ಬಿಸಿ ಮತ್ತು ತೇವದಲ್ಲಿ ತಿಂಗಳುಗಟ್ಟಲೆ ಕಳೆದಾಗ ಅವುಗಳಲ್ಲಿನ ಫೈಟೇಟ್ ಒಡೆದು ಕ್ಯಾಲ್ಸಿಯಂ, ಮೆಗ್ನೀಸಿಯಂ ಬಿಡುಗಡೆಯಾಗುತ್ತವೆ. ಕೋಶಗಳನ್ನು ಹಿಡಿದಿಡುವ ಪೆಕ್ಟಿನ್ನನ್ನು ಅವು ಗಟ್ಟಿ ಮಾಡುತ್ತವೆ. ಎಷ್ಟು ಸೀಟಿ ಕೂಗಿಸಿದರೂ ಬೇಯದ ಬೇಳೆಯ ಗುಟ್ಟು ಹೆಚ್ಚಾಗಿ ಇದೇ. ಅಗ್ಗಕ್ಕೆ ತಂದ ಐದು ಕೆಜಿ ಕೊನೆಗೆ ಗ್ಯಾಸಿನ ಖರ್ಚಾಗುತ್ತದೆ.

ಎಲ್ಲವನ್ನೂ ಇಡಿಯಾಗಿ ತಂದು ಕುಟ್ಟಿ ಪುಡಿ ಮಾಡಲು ಕೆಲಸಕ್ಕೆ ಹೋಗುವವರಿಗೆ ಪುರಸೊತ್ತೆಲ್ಲಿ ಎಂಬುದು ನಿಜವಾದ ಕಷ್ಟ. ಎಲ್ಲವನ್ನೂ ಕುಟ್ಟಬೇಕಿಲ್ಲ. ಸಾಸಿವೆ, ಜೀರಿಗೆ, ಮೆಂತ್ಯ ಹೇಗೂ ಇಡಿಯಾಗಿಯೇ ಒಗ್ಗರಣೆಗೆ ಬೀಳುತ್ತವೆ. ನೂರು ನೂರು ಗ್ರಾಂ ತಂದರೆ ತಿಂಗಳುಗಳು ಸಾಗುತ್ತವೆ. ಸಾರಿನ ಪುಡಿ, ಧನಿಯಾ ಪುಡಿ ಮಾತ್ರ ಅತಿ ಚಿಕ್ಕ ಪೊಟ್ಟಣದಲ್ಲಿ ಕೊಳ್ಳಿ. ಹಿಟ್ಟು, ರವೆಯನ್ನು ಫ್ರಿಜ್ಜಿನಲ್ಲಿಟ್ಟರೆ ಕೆಡುವ ವೇಗ ತಗ್ಗುತ್ತದೆ, ಆದರೆ ಡಬ್ಬಿ ಗಾಳಿಯಾಡದಂತಿರಬೇಕು, ಹೊರಗೆ ತೆಗೆದ ತಕ್ಷಣ ಮುಚ್ಚಳ ತೆರೆದರೆ ಗಾಳಿಯ ತೇವ ತಣ್ಣನೆಯ ಹಿಟ್ಟಿನ ಮೇಲೆ ಇಬ್ಬನಿಯಂತೆ ಕೂರುತ್ತದೆ. ಎಣ್ಣೆಯನ್ನು ಒಲೆಯ ಪಕ್ಕದಲ್ಲಿ, ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬೇಡಿ. ಹಳೆ ಎಣ್ಣೆಯ ತಳಕ್ಕೆ ಹೊಸದನ್ನು ಸುರಿಯಲೂಬೇಡಿ. ಕಮಟಾಗುವುದು ಸರಪಳಿ ಕ್ರಿಯೆ, ಹಳೆಯದರಲ್ಲಿ ಶುರುವಾದದ್ದು ಹೊಸದಕ್ಕೂ ಹಬ್ಬುತ್ತದೆ. ಹುಣಸೆಹಣ್ಣನ್ನು ಅದರ ಹುಳಿಯೇ ಕಾಯುತ್ತದೆ, ಬೆಲ್ಲಕ್ಕೆ ಮಳೆಗಾಲದಲ್ಲಿ ಬಿಗಿ ಮುಚ್ಚಳ ಬೇಕು.

ಕಡಲೆಕಾಯಿ ಬೀಜ ಮತ್ತು ಕೊಬ್ಬರಿಯ ವಿಷಯದಲ್ಲಿ ಮಾತ್ರ ರಾಜಿ ಬೇಡ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಅವುಗಳ ಮೇವಿಗೆ ಬೆರೆಸಿದ್ದ ಕಡಲೆಕಾಯಿ ಹಿಂಡಿಯಲ್ಲಿ ಬೂಷ್ಟು ಬಿಟ್ಟಿದ್ದ ವಿಷವೇ ಕಾರಣವೆಂದು ಪತ್ತೆಯಾಯಿತು. ಅದೇ ಅಫ್ಲಾಟಾಕ್ಸಿನ್, ಯಕೃತ್ತಿಗೆ ಕ್ಯಾನ್ಸರ್ ತರಬಲ್ಲ ವಿಷ. ಅಡುಗೆಮನೆಯ ಬಿಸಿ ಅದನ್ನು ಪೂರ್ತಿ ನಾಶ ಮಾಡದು. ಬೂಷ್ಟು ಕಂಡ, ಬಣ್ಣಗೆಟ್ಟ, ಮುಗ್ಗಲು ನಾರುವ ಬೀಜವನ್ನು ಹುರಿದು ಚಟ್ನಿಪುಡಿ ಮಾಡಿ ಉಳಿಸಿಕೊಳ್ಳಲು ನೋಡಬೇಡಿ, ಎಸೆಯಿರಿ. ಕಾಲು ಕೆಜಿಯಷ್ಟೇ ತಂದಿದ್ದರೆ ಎಸೆಯಲು ಮನಸ್ಸು ಹಿಂಜರಿಯುವುದಿಲ್ಲ. ಮತ್ತೆ ತುಂಬುವಾಗ ಡಬ್ಬಿ ತೊಳೆದು, ಪೂರ್ತಿ ಒಣಗಿಸಿ, ಮುಚ್ಚಳದ ಮೇಲೆ ಆ ದಿನದ ತಾರೀಕು ಬರೆದಿಡಿ.